ಮುಂಭಾರ, ಹಿಂಭಾರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಅದರ ಬಗ್ಗೆಯೇ ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ಕಂಪ್ಯೂಟರನ್ನು ಬಿಟ್ಟು ಈ ಪುಟ್ಟ ವಿಮಾನವನ್ನು ತಂದಿದ್ದೇನೆ. ಇದು ರೇಡಿಯೊ ನಿಯಂತ್ರಣದ ಮಾದರಿ ವಿಮಾನ. ಭಾನುವಾರಗಳಲ್ಲಿ ಇಂಥವನ್ನು ಕಟ್ಟಿ ಹಾರಿಸುವುದು ನನ್ನ ಹವ್ಯಾಸ. ಫೋಮ್ ಹಾಳೆಯ ರೆಕ್ಕೆ, ಮೂಗಿನಲ್ಲಿ ಮೋಟಾರು, ಹೊಟ್ಟೆಯಲ್ಲಿ ಬ್ಯಾಟರಿ ಮತ್ತು ರಿಸೀವರ್, ಬಾಲವನ್ನು ಆಡಿಸಲು ಸಣ್ಣ ಸರ್ವೊ ಮೋಟಾರುಗಳು. ಎಲ್ಲ ಸೇರಿ 900 ಗ್ರಾಂ. ಇದನ್ನು ಹಾರಿಸುವ ಮೊದಲು ಮಾಡಲೇಬೇಕಾದ ಕೆಲಸ ಒಂದಿದೆ. ಅದು ಗುರುತ್ವ ಕೇಂದ್ರವನ್ನು ಸರಿಯಾದ ಜಾಗಕ್ಕೆ ತರುವುದು.

ಗುರುತ್ವ ಕೇಂದ್ರ ಎಂದರೆ ವಸ್ತುವಿನ ಇಡೀ ಭಾರ ಒಂದೇ ಬಿಂದುವಿನಲ್ಲಿ ಇದೆಯೋ ಎನ್ನುವಂತೆ ವರ್ತಿಸುವ ಜಾಗ. ನಮ್ಮ ವಿಜ್ಞಾನದ ಮೇಷ್ಟ್ರು ಇದನ್ನು ಇದೇ ಶಾಲೆಯಲ್ಲಿ ರಟ್ಟಿನಿಂದ ತೋರಿಸಿದ್ದರು. ಕರ್ನಾಟಕದ ಭೂಪಟವನ್ನು ರಟ್ಟಿನಲ್ಲಿ ಕತ್ತರಿಸಿ, ಅಂಚಿನಲ್ಲಿ ತೂತು ಮಾಡಿ ಮೊಳೆಗೆ ತೂಗು ಹಾಕಿ, ಅದೇ ಮೊಳೆಯಿಂದ ಕಲ್ಲು ಕಟ್ಟಿದ ದಾರ ಬಿಟ್ಟು, ದಾರದ ಗುಂಟ ಗೆರೆ ಎಳೆಸಿದರು. ಇನ್ನೊಂದು ತೂತಿನಿಂದ ಇನ್ನೊಂದು ಗೆರೆ. ಎರಡೂ ಕೂಡಿದ ಜಾಗಕ್ಕೆ ಪೆನ್ಸಿಲ್ ತುದಿ ಕೊಟ್ಟರೆ ಇಡೀ ಕರ್ನಾಟಕ ಅಲುಗದೆ ನಿಂತಿತು. ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದು. ಖರ್ಚು ಏನೂ ಇಲ್ಲ.

ವಿಮಾನದಲ್ಲಿ ಈ ಬಿಂದು ಎಲ್ಲಿರಬೇಕು? ಇಂಥ ನೇರ ರೆಕ್ಕೆಯ, ಹಿಂದೆ ಬಾಲವಿರುವ ವಿಮಾನದಲ್ಲಿ ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಶೇಕಡ 25ರಿಂದ 33ರೊಳಗೆ ಇದ್ದರೆ ಒಳ್ಳೆಯ ಆರಂಭ. ಈ ರೆಕ್ಕೆಯ ಅಗಲ 20 ಸೆಂಟಿಮೀಟರ್. ಆದ್ದರಿಂದ ಮುಂಚೂಣಿಯಿಂದ 6 ಸೆಂಟಿಮೀಟರ್ ಹಿಂದೆ, ಎರಡೂ ಕಡೆ ಗುರುತು ಹಾಕಿದ್ದೇನೆ. ಬ್ಯಾಟರಿ, ಪ್ರೊಪೆಲ್ಲರ್ ಎಲ್ಲವನ್ನೂ ಜೋಡಿಸಿದ ಮೇಲೆ ಆ ಗುರುತುಗಳ ಕೆಳಗೆ ಎರಡು ಬೆರಳು ಕೊಟ್ಟು ಎತ್ತಬೇಕು. ವಿಮಾನ ಮಟ್ಟವಾಗಿ ನಿಲ್ಲಬೇಕು, ಇಲ್ಲವೇ ಮೂಗು ಒಂದಿಷ್ಟು ಬಾಗಬೇಕು. ಬಾಲ ಬಾಗಿದರೆ ಹಾರಿಸಬಾರದು.

ಬಾಲ ಭಾರವಾದರೆ ಏನು ಕಷ್ಟ? ಗಾಳಿಯ ಹೊಡೆತಕ್ಕೆ ಮೂಗು ಮೇಲೆದ್ದಿತು ಎನ್ನಿ. ಆಗ ರೆಕ್ಕೆ ಮತ್ತು ಬಾಲದ ಮೇಲೆ ಎತ್ತುವ ಬಲ ಹೆಚ್ಚುತ್ತದೆ. ಆ ಹೆಚ್ಚಿದ ಬಲ ಗುರುತ್ವ ಕೇಂದ್ರದ ಹಿಂದೆ ಬಿದ್ದರೆ ಮೂಗನ್ನು ಕೆಳಗಿಳಿಸುತ್ತದೆ, ವಿಮಾನ ತಾನಾಗಿ ಸರಿಹೋಗುತ್ತದೆ. ಕೇಂದ್ರ ತೀರ ಹಿಂದಿದ್ದರೆ ಅದೇ ಬಲ ಅದರ ಮುಂದೆ ಬಿದ್ದು ಮೂಗನ್ನು ಇನ್ನಷ್ಟು ಎತ್ತುತ್ತದೆ. ಹಾರಿಸುವವನ ಕೈಗೆ ವಿಮಾನ ಸಿಗುವುದಿಲ್ಲ. ಮೂಗು ಭಾರವಾದದ್ದು ಚೆನ್ನಾಗಿ ಹಾರುವುದಿಲ್ಲ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ ಎಂದು ಈ ಹವ್ಯಾಸದವರು ಹೇಳುವುದು ಅದಕ್ಕೇ.

ಸರಿಪಡಿಸುವ ಲೆಕ್ಕ ಸನ್ನೆಯ ಪಾಠದ್ದೇ: ಭಾರವನ್ನು ದೂರದಿಂದ ಗುಣಿಸಿ. 900 ಗ್ರಾಂ ವಿಮಾನದ ಕೇಂದ್ರ 1 ಸೆಂಟಿಮೀಟರ್ ಹಿಂದಿದ್ದರೆ ಗುಣಲಬ್ಧ 900. ಬ್ಯಾಟರಿ 180 ಗ್ರಾಂ ಇದೆ. ಅದನ್ನು 5 ಸೆಂಟಿಮೀಟರ್ ಮುಂದೆ ಸರಿಸಿದರೆ 180 ಗುಣಿಸು 5, ಮತ್ತೆ 900. ಲೆಕ್ಕ ಚುಕ್ತಾ. ಬ್ಯಾಟರಿ ಸರಿಸಲು ಜಾಗವಿಲ್ಲದಿದ್ದರೆ, ಗುರುತಿನಿಂದ 20 ಸೆಂಟಿಮೀಟರ್ ಮುಂದಿರುವ ಮೂಗಿನಲ್ಲಿ 45 ಗ್ರಾಂ ಸೀಸ ಅಂಟಿಸಬೇಕು. ಆದರೆ ಆ 45 ಗ್ರಾಂ ಅನ್ನು ವಿಮಾನ ದಿನವೂ ಹೊರಬೇಕು. ಆದ್ದರಿಂದ ಮೊದಲು ಇರುವುದನ್ನು ಸರಿಸಿ ನೋಡಬೇಕು, ಆಮೇಲೆ ಹೊಸ ಭಾರ ಸೇರಿಸಬೇಕು. ಬಾಲವು ಗುರುತಿನಿಂದ 60 ಸೆಂಟಿಮೀಟರ್ ಹಿಂದಿದೆ. ಅಲ್ಲಿ 10 ಗ್ರಾಂ ಅಂಟು ಹೆಚ್ಚು ಬಳಿದರೆ ಮೂಗಿನಲ್ಲಿ 30 ಗ್ರಾಂ ತೆರಬೇಕು.

ಇದು ಬರೀ ಹವ್ಯಾಸದ ಮಾತಲ್ಲ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್‌ನಲ್ಲಿ ಬೀಚ್‌ಕ್ರಾಫ್ಟ್ 1900ಡಿ ಎಂಬ ಸಣ್ಣ ಪ್ರಯಾಣಿಕ ವಿಮಾನ ಮೇಲೇರುತ್ತಿದ್ದಂತೆ ಮೂಗೆತ್ತಿ ಬಿದ್ದಿತು. ಅದರಲ್ಲಿದ್ದ 21 ಜನರೂ ತೀರಿಕೊಂಡರು. ಬಾಲದ ನಿಯಂತ್ರಣದ ಜೋಡಣೆ ತಪ್ಪಾಗಿತ್ತು. ಜೊತೆಗೆ ಗುರುತ್ವ ಕೇಂದ್ರ ಮಿತಿಗಿಂತ ಬಹಳ ಹಿಂದಿತ್ತು. ಪ್ರಯಾಣಿಕರ ತೂಕಕ್ಕೆ ಬಳಸುತ್ತಿದ್ದ ಸರಾಸರಿ ಅಂಕಿ ನಿಜಕ್ಕಿಂತ ಕಡಿಮೆಯಿತ್ತು. ಅದಾದ ಮೇಲೆ ಆ ಅಂಕಿಯನ್ನು ಹೆಚ್ಚಿಸಿದರು. ಕಾಗದದ ಮೇಲಿನ ಲೆಕ್ಕ ಸರಿಬಂದರೆ ಸಾಲದು, ತಕ್ಕಡಿಯೂ ಒಪ್ಪಬೇಕು.

ಇನ್ನೊಂದು ಕಡೆ, ನಮ್ಮ ಬೆಂಗಳೂರಿನಲ್ಲೇ 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ತೇಜಸ್ ಯುದ್ಧವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಿದ್ದಾರೆ. ಅದು ಚಕ್ಕನೆ ತಿರುಗಬೇಕು. ಪೈಲಟ್ ಒಬ್ಬನೇ ಅದನ್ನು ಹತೋಟಿಯಲ್ಲಿ ಇಡಲಾರ; ಕಂಪ್ಯೂಟರ್ ಎಡೆಬಿಡದೆ ತಿದ್ದುತ್ತಿರುತ್ತದೆ. ಗುರುತ್ವ ಕೇಂದ್ರ ಅರ್ಥವಾಗದವನು ಅಂಥ ಪ್ರೋಗ್ರಾಂ ಬರೆಯಲಾರ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಹೋದ ಯುಗಾದಿಗೆ ಊರಿಗೆ ಬಂದಾಗ ಬ್ಯಾಟರಿ ಬಿಚ್ಚಿಟ್ಟು ಈ ವಿಮಾನವನ್ನು ಜಗುಲಿಯ ಮೇಲೆ ಇಟ್ಟಿದ್ದೆ. ನನ್ನ ಜೊತೆ ಓದಿದ ಗೆಳೆಯನೊಬ್ಬ ಬಂದ. ರೆಕ್ಕೆಯ ಕೆಳಗೆ ಕೈಕೊಟ್ಟು ಎತ್ತಿದವನೇ, “ಹಿಂಭಾರ ಆಗೈತೆ ಕಣೋ. ಹಿಂಗೇ ಬಿಟ್ರೆ ಮೂಕಿ ಎತ್ತುತ್ತೆ” ಅಂದ. ಗಾಡಿಗೆ ಹುಲ್ಲು ಹೇರುವಾಗ ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂದಕ್ಕೆ ಜಾಸ್ತಿಯಾದರೆ ನೊಗ ಹೆಗಲು ಒತ್ತುತ್ತದೆ. ಇಲ್ಲಿರುವ ಹಿರಿಯರಿಗೆಲ್ಲ ಗೊತ್ತಿರುವ ವಿಷಯ. ಪುಸ್ತಕ ನೋಡದೆ, ಅಳತೆ ಮಾಡದೆ ಅವನು ಸರಿಯಾಗಿ ಹೇಳಿದ್ದ.

ಎಸ್ಸೆಸ್ಸೆಲ್ಸಿಯಲ್ಲಿ ಅವನ ಗಣಿತದ ಅಂಕ ನನಗಿಂತ ಹೆಚ್ಚು. ಪಿಯುಸಿಗೆ ವಿಜ್ಞಾನ ತೆಗೆದುಕೊಂಡ. ಪಾಠವೆಲ್ಲ ಇಂಗ್ಲಿಷಿನಲ್ಲಿ. ‘ಸೆಂಟರ್ ಆಫ್ ಗ್ರಾವಿಟಿ’ ಎಂದಾಗ ಅದು ತನಗೆ ಗೊತ್ತಿರುವ ಗುರುತ್ವ ಕೇಂದ್ರವೇ, ಗಾಡಿಯ ಹಿಂಭಾರದ ಲೆಕ್ಕವೇ ಎಂದು ಅವನಿಗೆ ಯಾರೂ ಹೇಳಲಿಲ್ಲ. ಆರು ತಿಂಗಳಿಗೆ ಕಾಲೇಜು ಬಿಟ್ಟ. ಅವನು ಒಳ್ಳೆಯ ರೈತ, ಅದರಲ್ಲಿ ಕೊರಗಿಲ್ಲ. ಆದರೆ ಬಿಟ್ಟದ್ದು ಬುದ್ಧಿ ಸಾಲದೆ ಅಲ್ಲ, ಒಂದು ಪದದ ಅಡ್ಡಗೋಡೆಯಿಂದ. ಈ ಮಾತನ್ನು ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. ಅವನು ಇಲ್ಲೇ ಕುಳಿತಿದ್ದಾನೆ, ಅವನ ಮಗಳು ಈ ಶಾಲೆಯ ಒಂಬತ್ತನೇ ತರಗತಿಯಲ್ಲಿದ್ದಾಳೆ.

ಅದಕ್ಕೇ ಗುರುಗಳಲ್ಲಿ ಒಂದು ವಿನಂತಿ. ಪಾಠ ಕನ್ನಡದಲ್ಲೇ ಆಗಲಿ, ಅರ್ಥ ಕನ್ನಡದಲ್ಲೇ ಇಳಿಯಲಿ. ಒಂಬತ್ತು, ಹತ್ತನೇ ತರಗತಿಯಲ್ಲಿ ಪ್ರತಿ ಪಾಠದ ಕೊನೆಗೆ ಮುಂದೆ ಬರುವ ಇಂಗ್ಲಿಷ್ ಪದಗಳನ್ನೂ ಬೋರ್ಡಿನ ಮೇಲೆ ಬರೆಸಿ. ನಾವು ಹಳೆಯ ವಿದ್ಯಾರ್ಥಿಗಳು ಅಂಥ ಒಂದು ಪದಪಟ್ಟಿ ಮಾಡಿಕೊಡಲು ಸಿದ್ಧರಿದ್ದೇವೆ. ಪಿಯುಸಿಗೆ ಹೋಗುವ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಹದಿನೈದು ದಿನ ಪಾಠ ಹೇಳಲು ನಾನು ಬರುತ್ತೇನೆ. ಈ ವಿಮಾನವನ್ನೂ, ತೂಗಿ ನೋಡುವ ಈ ಮರದ ಸ್ಟ್ಯಾಂಡನ್ನೂ ಪ್ರಯೋಗಾಲಯಕ್ಕೆ ಬಿಟ್ಟು ಹೋಗುತ್ತಿದ್ದೇನೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಮಕ್ಕಳು ಮುಟ್ಟಲಿ. ಮುರಿದರೆ ಅಂಟಿಸೋಣ.