ನಂಬಿಕೆ ಎಷ್ಟು ಹಳೆಯದು?

 

'ಏಸು ಸತ್ತ ಮೂರನೇ ದಿನ ಎದ್ದು ಬಂದ ಅಂತಾರಲ್ರೀ, ಅದು ಆಮೇಲೆ ಕಟ್ಟಿದ ಕತಿ ಅಲ್ಲೇನ್ರೀ?' ಎಂದು ನಮ್ಮ ತರುಣರು ಆಗಾಗ ಕೇಳುತ್ತಾರೆ. ಸರಕಾರಿ ಎಂಜಿನಿಯರನಾಗಿದ್ದ ನನಗೆ ಮೊದಲು ಹೊಳೆಯುವುದು ಒಂದೇ ಮಾತು: ಅಳತೆ ಪುಸ್ತಕ ಬರೆದದ್ದು ಕೆಲಸ ನಡೆದಾಗಲೋ, ಬಿಲ್ಲು ಮಾಡುವಾಗಲೋ?

ಏಸುವನ್ನು ಶಿಲುಬೆಗೇರಿಸಿದ್ದು ಸುಮಾರು ಕ್ರಿ.ಶ. 30ರಲ್ಲಿ. ಪೌಲನು ಕೊರಿಂಥದವರಿಗೆ ಮೊದಲ ಪತ್ರ ಬರೆದದ್ದು ಸುಮಾರು 55ರಲ್ಲಿ. ಅದರ 15ನೇ ಅಧ್ಯಾಯದಲ್ಲಿ ಎದ್ದ ಏಸುವನ್ನು ಕಂಡವರ ಪಟ್ಟಿಯೇ ಇದೆ. ಪೇತ್ರ, ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಜನ, ಯಾಕೋಬ, ಕೊನೆಗೆ ತಾನು. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಇದು ತನಗೂ ಹಿಂದಿನವರಿಂದ ಬಂದದ್ದೆಂದು ಹೇಳುತ್ತಾನೆ; ಅಂದರೆ ನಂಬಿಕೆ ಪತ್ರಕ್ಕಿಂತ ಹಳೆಯದು. ಬರಿದಾದ ಸಮಾಧಿಯ ವಿವರ ಬರುವುದು ಮುಂದಿನ ಸುವಾರ್ತೆಗಳಲ್ಲಿ. ಹಾಗಾಗಿ ತಲೆಮಾರುಗಳು ಕಳೆದ ಮೇಲೆ ಹುಟ್ಟಿದ ಕತೆ ಎನ್ನಲು ಬರುವುದಿಲ್ಲ. ಆದರೆ ಪತ್ರ ತೋರಿಸುವುದು 'ಕಂಡೆವೆಂದು ನಂಬಿದ್ದರು' ಎಂಬುದನ್ನು ಮಾತ್ರ, ಎದ್ದು ಬಂದದ್ದನ್ನಲ್ಲ.

ಇದೇ ಅಳತೆಗೋಲನ್ನು ನಮ್ಮ ಮನೆಗೂ ಹಿಡಿಯೋಣ. ಬಸವಣ್ಣನವರು ಲಿಂಗೈಕ್ಯರಾದದ್ದು ಸುಮಾರು 1167ರಲ್ಲಿ. ನಮ್ಮ ಪಕ್ಕದ ಮನಗೂಳಿಯಲ್ಲಿ ಬಿಜ್ಜಳನ ಕಾಲದ ಶಾಸನವೊಂದಿದೆ. ಅದರಲ್ಲಿ ಬರುವ ಬಸವನೇ ಇವರೆಂದು ಫ್ಲೀಟ್ ಸಾಹೇಬರು ಊಹಿಸಿದ್ದರು. ಆದರೆ ಅಲ್ಲಿ ತಂದೆಯ ಹೆಸರು ಚಂದಿರಾಜ! ಮಗನ ಹೆಸರೊಂದು ಕೂಡಿದರೆ ಸಾಲದು, ತಂದೆ, ಊರು ಎರಡೂ ಕೂಡಬೇಕು. ಅವು ಕೂಡಿದ್ದು ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ: ತರ್ದವಾಡಿ ನಾಡು, ಬಾಗೇವಾಡಿ, ಮಾದಿರಾಜ, ಅವನ ಮಗ ಸಂಗನಬಸವ. ಅದೇ ಮನೆತನದ ಹಾಲಬಸವಿದೇವನ ಹೆಸರೂ ಅಲ್ಲಿದೆ. ಮನೆತನದವರೇ ನೆನಪಿಟ್ಟುಕೊಂಡ ಮಾತು. ಅದಕ್ಕೇ ತೂಕ ಹೆಚ್ಚು.

ಆದರೂ ನಡುವೆ 90 ವರ್ಷಕ್ಕೂ ಮೇಲಾಗಿದೆ. ಲೆಕ್ಕಕ್ಕೆ ಬಂದರೆ ನಮ್ಮ ಕಲ್ಲಿಗಿಂತ ಅವರ ಪತ್ರವೇ ಘಟನೆಗೆ ಹತ್ತಿರ. ಹಾಗೆನ್ನಲು ಹಿಂಜರಿಕೆ ಏಕೆ? ವಚನಗಳಂತೂ ಶರಣರವೇ, ಆದರೆ ನಮ್ಮ ಕೈಗೆ ಸಿಕ್ಕ ಓಲೆಗಟ್ಟುಗಳು ಬಹಳ ಈಚಿನವು. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದ ಪವಾಡಗಳನ್ನು ಚರಿತ್ರೆ ಎಂದು ಸಾರಿ, ಚರ್ಚಿಗೆ ಹೋಗುವವರ ನಂಬಿಕೆಯನ್ನು ಕಟ್ಟುಕತೆ ಎಂದರೆ ಅಂಗಡಿಯಲ್ಲಿ ಎರಡು ತಕ್ಕಡಿ ಇಟ್ಟಂತಾಯಿತು.

ಪೂಜ್ಯರ ಅಪ್ಪಣೆಯಾದರೆ ಮುಂದಿನ ಗೋಷ್ಠಿಗೆ ಅರ್ಜುನವಾಡ ಶಾಸನದ ಪಾಠವನ್ನು ಜೆರಾಕ್ಸ್ ಮಾಡಿಸಿ ತರುತ್ತೇನೆ. ಸಾಲು ಸಾಲಾಗಿ ಕೂಡಿ ಓದೋಣ.