ಲಾಭ ಬಂದ ಬಗೆ

ವಾಣಿಜ್ಯವೂ ಧರ್ಮವೂ ಒಂದೇ ಸೂರಿನಡಿ ಬಾಳಲಾರವೆಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಉದ್ಯಮಪತಿಯೊಬ್ಬನು ಸತ್ಕಾರ್ಯಕ್ಕೆ ಕೈಹಾಕಿದೊಡನೆಯೇ ಅದರ ಹಿಂದಿನ ಸ್ವಾರ್ಥವಾವುದೆಂದು ನಾವು ಅರಸತೊಡಗುತ್ತೇವೆ. ಈ ಸಂಶಯ ತೀರ ಅಕಾರಣವಾದುದೂ ಅಲ್ಲ.

ಆದರೆ ಬೇರೆ ಬಗೆಯ ನಿದರ್ಶನವೂ ಉಂಟು. ತಮ್ಮ ಉಕ್ಕಿನ ಕಾರ್ಖಾನೆಯ ಸ್ಥಳವೇ ಇನ್ನೂ ನಿಶ್ಚಿತವಾಗಿರದ 1902ರಲ್ಲಿ ಉದ್ಯಮಪತಿ ಜಮ್‌ಷೇಟ್‌ಜಿ ಟಾಟಾ ಅವರು, ಅಲ್ಲಿ ದುಡಿಯುವವರ ಊರಿಗೆ ಅಗಲವಾದ ಬೀದಿಗಳೂ ನೆರಳೀಯುವ ಮರಗಳೂ ಆಟದ ಬಯಲುಗಳೂ ಬೇಕೆಂದು, ದೇವಾಲಯ, ಮಸೀದಿ, ಇಗರ್ಜಿಗಳಿಗೂ ಎಡೆಯಿರಬೇಕೆಂದು ಮಗ ದೊರಾಬ್‌ಜಿಗೆ ಪತ್ರ ಬರೆದರು. 1904ರಲ್ಲಿ ಅವರು ಗತಿಸಿದರು. ಮುಂದೆ ಆ ಕಾರ್ಖಾನೆ ತಲೆಯೆತ್ತಿದ ಜಮ್‌ಷೆಡ್‌ಪುರದಲ್ಲಿ ಉಕ್ಕು ಎರಕಗೊಂಡ 1912ರಲ್ಲಿಯೇ ಅಲ್ಲಿ ದಿನಕ್ಕೆ ಎಂಟು ಗಂಟೆಗಳ ದುಡಿಮೆಯೂ ಜಾರಿಗೆ ಬಂದಿತು. ಬಟ್ಟೆ ಗಿರಣಿಗಳಲ್ಲಿ ವಯಸ್ಕ ಪುರುಷನಿಂದ 12 ಗಂಟೆ ದುಡಿಸಿಕೊಳ್ಳಲು 1911ರ ಕಾಯಿದೆ ಅನುಮತಿಯಿತ್ತಿದ್ದ ದಿನಗಳವು. ಹಾಗೆಂದು ಆ ಊರನ್ನು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ: 1920ರಲ್ಲಿಯೂ 1928ರಲ್ಲಿಯೂ ಅಲ್ಲಿ ದೊಡ್ಡ ಮುಷ್ಕರಗಳೇ ನಡೆದುವು. ನೆರಳಿನ ಮರ ಕೂಲಿಗೆ ಬದಲಾಗದಷ್ಟೆ.

ಈಗ 2013ರ ಕಂಪನಿ ಕಾಯಿದೆಯು, ನಿಗದಿತ ಗಾತ್ರವನ್ನು ಮೀರಿದ ಸಂಸ್ಥೆಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿದೆ. ಇದರಿಂದ ಶಾಲೆಗಳಿಗೂ ಆಸ್ಪತ್ರೆಗಳಿಗೂ ಹಣ ಒದಗುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಈ ವಿಧಿಯ ದೃಷ್ಟಿ ಲಾಭದ ವಿನಿಯೋಗದತ್ತಲೇ ಹೊರತು ಲಾಭ ಬಂದ ಬಗೆಯತ್ತ ಅಲ್ಲ. ಸ್ವಂತ ನೌಕರರಿಗೆಂದೇ ಮಾಡಿದ ವೆಚ್ಚವನ್ನು ಅದರ ನಿಯಮಗಳು ಗಣನೆಗೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ, 1912ರ ಆ ಎಂಟು ಗಂಟೆಗಳ ದುಡಿಮೆಗೆ ಇಂದಿನ ಸಮಾಜಕಾರ್ಯದ ಲೆಕ್ಕದಲ್ಲಿ ಸ್ಥಾನವೇ ಸಿಗುತ್ತಿರಲಿಲ್ಲ.