ಕಂಬುಗ್ರೀವನ ನಾಡಿಪರೀಕ್ಷೆ

(ಶಿಕ್ಷಕರ ಕೂಟದಲ್ಲಿ ಮಾಡಿದ ಭಾಷಣ)



ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಕಡೆಯ ಮಾಸ್ತರರು ಒಂದೆಡೆ ಕೂಡಿದ ಸಭೆಯಲ್ಲಿ ಗಹನವಾದ ವಿಷಯವನ್ನೇ ಎತ್ತಿಕೊಳ್ಳಬೇಕೆಂಬದು ವಾಡಿಕೆ. ನಾವು ಆ ವಾಡಿಕೆಯನ್ನು ಮುರಿಯದೆ, ಇಂದು ಒಂದು ಆಮೆ, ಒಂದು ಕೋತಿ, ಒಂದು ನರಿ, ಒಂದು ಗುಬ್ಬಿ ಮತ್ತು ಒಂದು ಹುಲಿ ಇವರ ಮನಸ್ಸಿನ ಬೇನೆಗಳನ್ನು ಕುರಿತು ನಾಲ್ಕು ಮಾತು ಅರಿಕೆ ಮಾಡಬೇಕೆಂದಿರುವೆವು. ನಗುವವರು ಧಾರಾಳವಾಗಿ ನಗಬಹುದು. ಆದರೆ ಕೊನೆಯ ವರೆಗೆ ಕುಳಿತು ನಗಬೇಕೆಂದು ಪ್ರಾರ್ಥನೆ.

ಇಂಥ ಚಿಕಿತ್ಸೆ ಹೊಸದೇನಲ್ಲ. 2000ನೆಯ ಇಸವಿಯ ಡಿಸೆಂಬರ ತಿಂಗಳಲ್ಲಿ ಕೆನಡಾ ದೇಶದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಲ್ಲಿಯ ಕೆಲವು ತಜ್ಞರು ಒಂದು ವಿನೋದಲೇಖವನ್ನು ಬರೆದರು. ಎ. ಎ. ಮಿಲ್ನ್ ಎಂಬ ಆಂಗ್ಲ ಲೇಖಕನು 1926ರಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕದ ‘ವಿನ್ನಿ-ದ-ಪೂ’ ಎಂಬ ಕರಡಿಯನ್ನೂ ಅದರ ಸಂಗಡಿಗರನ್ನೂ ಅವರು ತಮ್ಮ ದವಾಖಾನೆಗೆ ಕರೆದು ಪರೀಕ್ಷಿಸಿದರು. ಜೇನಿನ ಹೊರತು ಬೇರೊಂದರಲ್ಲಿ ಲಕ್ಷ್ಯ ನಿಲ್ಲದ ಕರಡಿಗೆ ಅವಧಾನದ ಕೊರತೆ. ಸದಾ ನಡುಗುವ ಹಂದಿಮರಿಗೆ ಚಿಂತಾರೋಗ. ಜೋಲುಮೋರೆಯ ಕತ್ತೆಗೆ ಬಹುಕಾಲದ ಖಿನ್ನತೆ. ಅಕ್ಷರ ತಪ್ಪುವ ಗೂಗೆಗೆ ಓದುಬರಹದ ತೊಡಕು. ಹೀಗೆ ಬಹುತೇಕ ಎಲ್ಲರ ಕೈಗೂ ಒಂದೊಂದು ರೋಗದ ಚೀಟಿ ಬಂದಿತು.

ಇಂಗ್ಲಂಡದ ಕರಡಿಗೆ ದೊರೆತ ಈ ಭಾಗ್ಯವು ನಮ್ಮ ಪ್ರಾಣಿಗಳಿಗೆ ಏಕೆ ದೊರೆಯಬಾರದು? ಅವುಗಳ ಮನೆತನವಾದರೂ ಸಾಮಾನ್ಯದ್ದಲ್ಲ. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಕಿಸುಕಾಡು ನಾಡಿನ ಸಯ್ಯಡಿಯವನು. ಆ ಸಯ್ಯಡಿಯೇ ರೋಣದ ಮಗ್ಗುಲಲ್ಲಿರುವ ಇಂದಿನ ಸವಡಿ. ಕ್ರಿ. ಶ. 1031ರ ಸುಮಾರಿಗೆ ಅವನು ವಸುಭಾಗಭಟ್ಟನ ಸಂಸ್ಕೃತ ಕೃತಿಯನ್ನು ಹಿಡಿದು ತನ್ನ ಚಂಪೂ ಗ್ರಂಥವನ್ನು ರಚಿಸಿದನು. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಅವನು ಸಂಧಿವಿಗ್ರಹಿಯಾಗಿದ್ದನು. ಹಗಲೆಲ್ಲ ಯುದ್ಧ ಮತ್ತು ಒಪ್ಪಂದಗಳ ಲೆಕ್ಕವನ್ನು ನೋಡುತ್ತಿದ್ದವನು ಸಿಂಹ, ನರಿಗಳ ಕಥೆ ಬರೆಯಲು ಕಾಡಿಗೆ ಹೋಗಬೇಕಾದ ಅವಶ್ಯಕತೆಯೇ ಇರಲಿಲ್ಲವೆಂದು ನಮ್ಮ ಊಹೆ. ಅವನ ಊರಿನ ಸೀಮೆಯಲ್ಲಿ ನಿಂತು ನಾವು ದವಾಖಾನೆಯ ಬಾಗಿಲನ್ನು ತೆರೆಯುತ್ತೇವೆ.

ಮೊದಲನೆಯ ರೋಗಿ, ಕಂಬುಗ್ರೀವನೆಂಬ ಆಮೆ. ಇವನ ಕಥೆಯನ್ನು ನಮ್ಮ ಎರಿಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಳೆ ಹೋಯಿತು, ಕೆರೆ ಬತ್ತಿತು. ಎರಡು ಹಂಸಗಳು ಕೋಲಿನ ಎರಡು ತುದಿಗಳನ್ನು ಕಚ್ಚಿದವು, ಇವನು ನಡುವೆ ಕಚ್ಚಿದನು. ರೋಣದ ಕಡೆಯ ಕೆರೆಯಿಂದ ಮಲಪ್ರಭೆಯ ಕಡೆಗೆ ಹೊರಟಿದ್ದಾನೆಂದೇ ಭಾವಿಸೋಣ. ನರಗುಂದದ ಪೇಟೆಯ ಮೇಲೆ ಬರುವಾಗ ಕೆಳಗಿನ ಜನ ಕೂಗಿದರು. ಉತ್ತರ ಕೊಡದೆ ಇರಲಾರದೆ ಇವನು ಬಾಯಿ ತೆರೆದನು, ಬಿದ್ದನು. ರೋಗನಿರ್ಣಯ: ಮನಸ್ಸಿಗೂ ನಾಲಿಗೆಗೂ ನಡುವೆ ಇರಬೇಕಾದ ಬಾಗಿಲಿಗೆ ಅಗುಳಿ ಇಲ್ಲ. ಇದು ಆಮೆಗಳಲ್ಲಿ ವಿರಳ, ಸಭೆಗಳಲ್ಲಿ ಸಾಮಾನ್ಯ.

ಎರಡನೆಯ ರೋಗಿ, ಬೆಣೆ ಕಿತ್ತ ಕೋತಿ. ಬಡಿಗನು ಅರ್ಧ ಸೀಳಿದ ದಿಮ್ಮಿಯಲ್ಲಿ ಬೆಣೆಯನ್ನಿಟ್ಟು ಊಟಕ್ಕೆ ಹೋದನು. ಕೋತಿ ಬೆಣೆಯನ್ನು ಅಲುಗಿಸಿ ಕಿತ್ತಿತು. ಸೀಳಿನೊಳಗೆ ಸಿಕ್ಕು ಸತ್ತಿತು. ರೋಗ: ಅತಿ ಕುತೂಹಲ, ಕೈ ಸುಮ್ಮನಿರದಿರುವದು. ಸಾವಿರ ವರುಷದಿಂದಲೂ ಈ ಕೋತಿಗೆ ಬುದ್ಧಿ ಹೇಳಿದವರು ಅಸಂಖ್ಯರು. ಆದರೆ ಕೋತಿಗಳಿರುವ ಸ್ಥಳದಲ್ಲಿ ಅರ್ಧ ಸೀಳಿದ ದಿಮ್ಮಿಯನ್ನು ಬಿಟ್ಟು ಉಣ್ಣಲು ಹೋದ ಬಡಿಗನ ನಾಡಿಯನ್ನು ಇದು ವರೆಗೆ ಯಾರೂ ಹಿಡಿದು ನೋಡಿಲ್ಲವೆಂಬದು ಆಶ್ಚರ್ಯ!

ಮೂರನೆಯವನು ದಮನಕನೆಂಬ ನರಿ. ಮಂತ್ರಿಯ ಮಗ, ಅಧಿಕಾರ ಕೈಬಿಟ್ಟು ಹೋಗಿದೆ, ಬುದ್ಧಿ ಮಾತ್ರ ಉಳಿದಿದೆ. ಸಿಂಹಕ್ಕೂ ಎತ್ತಿಗೂ ಬೆಳೆದ ಸ್ನೇಹವನ್ನು ಇವನು ಚಾಡಿಯಿಂದ ಮುರಿದು, ಎತ್ತಿನ ಪ್ರಾಣ ಹೋಗುವಂತೆ ಮಾಡಿದನು. ದುರ್ಗಸಿಂಹನ ಮೊದಲನೆಯ ಪ್ರಕರಣಕ್ಕೆ ‘ಭೇದ’ವೆಂಬ ಹೆಸರು ಬಂದುದು ಇಂಥವರ ದೆಸೆಯಿಂದಲೇ. ಲೋಕವು ಇವನನ್ನು ದುಷ್ಟನೆಂದಿತು. ನಮ್ಮ ನಿರ್ಣಯ ಬೇರೆ: ಇದು ಕೆಲಸವಿಲ್ಲದ ಬುದ್ಧಿವಂತಿಕೆಯ ರೋಗ. ಇವನಿಗೆ ಯಾವದಾದರೊಂದು ಕಚೇರಿಯಲ್ಲಿ ಸಾಯಂಕಾಲದ ವರೆಗೆ ಮುಗಿಯದಷ್ಟು ಕಡತಗಳನ್ನು ಕೊಟ್ಟಿದ್ದರೆ ಎತ್ತು ಬದುಕುತ್ತಿತ್ತು.

ನಾಲ್ಕನೆಯ ರೋಗಿ ಗ್ರಂಥದಿಂದ ಬಂದವಳಲ್ಲ, ಅಜ್ಜಿಯ ಮಡಿಲಿನಿಂದ ಬಂದವಳು: ಗುಬ್ಬಕ್ಕ. ಮನೆಮನೆಗೊಂದು ಪಾಠವುಳ್ಳ ಕಥೆಯಿದು. ಮಳೆಗೆ ಕಾಗಕ್ಕನ ಸಗಣಿಯ ಮನೆ ಕರಗಿತು. ಗುಬ್ಬಕ್ಕನ ಮನೆ ಗಟ್ಟಿಯಾಗಿ ನಿಂತಿತು. ಕಾಗಕ್ಕ ಬಾಗಿಲು ಬಡಿದರೆ, ಕೂಸಿಗೆ ನೀರು ಹಾಕುತ್ತಿದ್ದೇನೆ, ಕಾಡಿಗೆ ಹಚ್ಚುತ್ತಿದ್ದೇನೆ, ತೊಟ್ಟಿಲಿಗೆ ಹಾಕುತ್ತಿದ್ದೇನೆ, ತಡೆ ಎಂದಳು. ಕೂಸಿನ ಆರೈಕೆ ಮುಗಿಯಲಿಲ್ಲ, ಬಾಗಿಲು ತೆರೆಯಲಿಲ್ಲ. ಈಕೆಗೆ ಅತಿಶುಚಿತ್ವದ ಗೀಳೆಂದು ಬರೆಯಬಹುದಿತ್ತು. ಆದರೆ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಸೋರುವ ಹನಿಯ ಕೆಳಗೆ ಬೋಗುಣಿಯಿಟ್ಟು ಈ ಕಥೆ ಕೇಳಿದ ಮಗುವಿಗೆ ಬೇರೊಂದು ಅರ್ಥ ಹೊಳೆದಿರಬೇಕು: ಹೊರಗೆ ನೆನೆಯುವವರ ಕೂಗು ಒಳಗೆ ಬೆಚ್ಚಗಿರುವವರಿಗೆ ತಡವಾಗಿ ಕೇಳಿಸುತ್ತದೆ.

ಕೊನೆಯವನು ಪುಣ್ಯಕೋಟಿಯ ಕಥೆಯ ಅರ್ಬುತನೆಂಬ ಹುಲಿ. ಹಸಿದ ಹುಲಿಯ ಬಾಯಿಗೆ, ಕರುವಿಗೆ ಹಾಲೂಡಿ ಬರುವೆನೆಂದು ಹೋದ ಹಸು ಕೊಟ್ಟ ಮಾತಿನಂತೆ ತಾನಾಗಿ ಬಂದು ನಿಂತಿತು. ಅದನ್ನು ಕಂಡ ಹುಲಿ ಉಣ್ಣಲಾರದೆ ಪ್ರಾಣ ಬಿಟ್ಟಿತು. ಸಾಲಗಾರನು ಓಡಿಹೋಗುವನೆಂದೇ ನಂಬಿ ಬಾಳಿದ ಸಾಹುಕಾರನ ಮುಂದೆ, ಸಾಲಗಾರನು ವಾಯಿದೆಯ ದಿನವೇ ಗಂಟು ಹಿಡಿದು ಬಂದು ನಿಂತಂತಾಯಿತು, ಎದೆ ತಡೆಯಲಿಲ್ಲ! ಅತಿಯಾದ ಪಾಪಪ್ರಜ್ಞೆಯೆಂದು ಚೀಟಿ ಬರೆಯಬಹುದು. ಆದರೆ ಆ ಕಥೆಯನ್ನು ಕೇಳಿ ಮಕ್ಕಳು ಅಳುವದು ಹಸುವಿಗಾಗಿ ಮಾತ್ರವಲ್ಲ, ಹುಲಿಗಾಗಿಯೂ ಅಳುವವೆಂಬದನ್ನು ತಾವೆಲ್ಲರೂ ವರ್ಗಗಳಲ್ಲಿ ಕಂಡಿರಬಹುದು. ಹಾಡನ್ನು ಕಟ್ಟಿದ ಹೆಸರಿಲ್ಲದ ಕವಿಯು ದುಷ್ಟನಿಗೂ ಒಂದು ಹೃದಯವನ್ನಿಟ್ಟನು. ಮಗು ಅದನ್ನು ತಪ್ಪದೆ ಹುಡುಕಿತು.

ಇಲ್ಲಿಗೆ ನಮ್ಮ ದವಾಖಾನೆಯನ್ನು ಮುಚ್ಚುತ್ತೇವೆ. ಐವರಿಗೂ ರೋಗದ ಹೆಸರು ಕೊಟ್ಟಾಯಿತು. ಈಗ ಕೇಳಬೇಕಾದ ಪ್ರಶ್ನೆ: ಹೆಸರು ಕೊಟ್ಟುದರಿಂದ ಯಾರಿಗೆ ಏನು ಗುಣವಾಯಿತು? ಕಂಬುಗ್ರೀವನನ್ನೇ ನೋಡಿರಿ. ‘ಬಾಯಿಬಡುಕ’ನೆಂದೊಡನೆ ನಮ್ಮ ವಿಚಾರ ನಿಂತುಬಿಡುತ್ತದೆ. ಆದರೆ ಮಾತಿನ ಚಪಲವುಳ್ಳವನ ಪ್ರಾಣವನ್ನು ಅವನ ಬಾಯಿಗೇ ಒಪ್ಪಿಸಿದ ಉಪಾಯ ಎಂಥದು? ಅವನ ಸ್ವಭಾವವನ್ನು ಬಲ್ಲ ಸ್ನೇಹಿತರು ಒಂದು ಜೋಳಿಗೆಯನ್ನು ಹುಡುಕಬಾರದಾಗಿತ್ತೇ? ಹೆಸರಿಟ್ಟವನು ಜೋಳಿಗೆಯನ್ನು ಹುಡುಕುವದಿಲ್ಲ. ಇದೇ ಹೆಸರಿಡುವದರ ಅಪಾಯ.

ಈ ಅಪಾಯವು ಕಥೆಯಲ್ಲಿಲ್ಲ, ನಮ್ಮ ಶಾಲೆಗಳಲ್ಲಿದೆ. ಎರಡನೆಯ ಇಯತ್ತೆಯಲ್ಲಿ ‘ದಡ್ಡ’ನೆಂದು ಕರೆಯಿಸಿಕೊಂಡ ಹುಡುಗನು ಏಳನೆಯ ಇಯತ್ತೆಯ ವರೆಗೆ ಆ ಹೆಸರನ್ನು ಪಾಟಿಚೀಲದೊಡನೆ ಹೊರುತ್ತಾನೆ. ಮಾತಾಡುವವಳು ‘ವಟವಟಿ’, ಕೈ ಸುಮ್ಮನಿರದವನು ‘ಮಂಗ್ಯಾ’. ವರುಷ ವರುಷವೂ ಮಾಸ್ತರರು ಬದಲಾಗುತ್ತಾರೆ, ಹೆಸರು ಬದಲಾಗುವದಿಲ್ಲ. ನಿಜವಾದ ತೊಡಕುಳ್ಳ ಮಕ್ಕಳು ಉಂಟು. ಅಂಥವರನ್ನು ಬಲ್ಲ ವೈದ್ಯರಿಗೆ ತೋರಿಸುವದು ಅವಶ್ಯ, ಅದರಲ್ಲಿ ನಾಚಿಕೆ ಪಡತಕ್ಕದ್ದೇನೂ ಇಲ್ಲ. ವೈದ್ಯನು ಕೊಡುವ ಹೆಸರು ಔಷಧಕ್ಕೆ ದಾರಿಯಾಗುತ್ತದೆ. ನಾವು ಸಿಟ್ಟಿನಲ್ಲಿ ಇಡುವ ಹೆಸರು ದಾರಿಯನ್ನೇ ಮುಚ್ಚುತ್ತದೆ.

ವಿಷ್ಣುಶರ್ಮನ ಹೆಸರಿನ ಪಂಚತಂತ್ರದ ಪೀಠಿಕೆಯನ್ನು ನೆನೆಯಿರಿ. ಅರಸನು ತನ್ನ ಮೂವರು ಮಕ್ಕಳೂ ದಡ್ಡರೆಂದು ಸಭೆಯಲ್ಲಿ ಹೇಳಿ, ಅವರನ್ನು ಮುದುಕ ಪಂಡಿತನಿಗೆ ಒಪ್ಪಿಸಿದನು. ಪಂಡಿತನು ಆರು ತಿಂಗಳ ಅವಧಿ ಕೇಳಿದನು. ಅವರ ದಡ್ಡತನದ ಪರೀಕ್ಷೆಗೆ ಅವನು ಒಂದು ದಿನವನ್ನೂ ಕಳೆಯಲಿಲ್ಲ, ಕಥೆ ಹೇಳಿದನು. ತನ್ನ ದೋಷವನ್ನು ಆಮೆಯ ಬೆನ್ನಿನ ಮೇಲಿಟ್ಟು ನೋಡಿ ನಕ್ಕ ಹುಡುಗನಿಗೆ, ಆ ದೋಷವನ್ನು ಬೇರೆ ಯಾರೂ ಬೆರಳಿಟ್ಟು ತೋರಿಸಬೇಕಾಗಲಿಲ್ಲ.

ಆದುದರಿಂದ ನಮ್ಮದೊಂದು ಸಣ್ಣ ಬಿನ್ನಹವುಂಟು. ಕಥೆ ಮುಗಿದ ಕೂಡಲೆ ‘ಇದರಿಂದ ಕಲಿಯತಕ್ಕ ನೀತಿ ಏನು?’ ಎಂದು ಕೇಳುವ ಚಾಳಿಯನ್ನು ನಾಲ್ಕು ದಿನ ಬಿಟ್ಟು ನೋಡೋಣ. ಕಥೆಯ ಒಳಾರ್ಥವನ್ನು ದೊಡ್ಡವರು ಮಗುವಿಗೆ ಬಿಡಿಸಿ ಹೇಳಿದರೆ ಅದರ ಮೋಡಿಯೇ ಹೋಗುವದೆಂದು ಬ್ರೂನೊ ಬೆಟ್ಟೆಲ್‌ಹೈಮ್ ಎಂಬ ಮಾನಸಶಾಸ್ತ್ರಜ್ಞನು 1976ರಲ್ಲಿ ಬರೆದನು. ನೀತಿಯ ಬದಲು, ಆಮೆಗೆ ಬೇರೆ ಯಾವ ಉಪಾಯ ಮಾಡಬಹುದಿತ್ತೆಂದು ಕೇಳೋಣ. ಜೋಳಿಗೆ ಎನ್ನುವವನೊಬ್ಬ, ಬಂಡಿ ಎನ್ನುವವಳೊಬ್ಬಳು, ಕೆರೆಯ ಹೂಳು ತೆಗೆಯಬೇಕಾಗಿತ್ತು ಎನ್ನುವವನೊಬ್ಬ ಎದ್ದು ನಿಲ್ಲಬಹುದು. ಹಾಗೆ ಎದ್ದು ನಿಂತವನು ನಾವು ‘ದಡ್ಡ’ನೆಂದು ಹಿಂದಿನ ಸಾಲಿನಲ್ಲಿ ಕೂಡ್ರಿಸಿದವನೇ ಆಗಿದ್ದರೆ, ಹೆಸರನ್ನು ಅಳಿಸುವ ಕೆಲಸ ಅಂದೇ ಆರಂಭವಾಗಲಿ.

ಇಷ್ಟು ಹೊತ್ತು ಬಾಯಿ ತೆರೆದುದರಿಂದ ನಾವೂ ಕಂಬುಗ್ರೀವನ ವಂಶದವರೆಂದು ತಾವು ತಿಳಿಯುವ ಮೊದಲೇ ಕೋಲನ್ನು ಕಚ್ಚಿಕೊಳ್ಳುವದು ಲೇಸು.